ಬೇರೆಯವರು ಹಾಕಿದ ಹಾಡು

ಓದುಗರ ಪತ್ರ:

‘ನಾವು ಐವರು ಧಾರವಾಡದ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಈಗ ಹೊನ್ನಾವರ, ಕಲಬುರಗಿ, ಬೆಂಗಳೂರು, ಪುಣೆ, ದುಬೈ ಎಂದು ಚದುರಿಹೋಗಿದ್ದೇವೆ. ಎಲ್ಲರೂ ಹಾಡು ಸೇರಿಸಬಹುದಾದ ಒಂದು ಪ್ಲೇಲಿಸ್ಟ್ ಮಾಡಿಕೊಂಡಿದ್ದೇವೆ. ನಾನು ಹಾಕಿದ ಕಾಳಿಂಗ ನಾವಡರ ಯಕ್ಷಗಾನ ಪದ್ಯಗಳು ಎರಡೇ ದಿನಕ್ಕೆ ಮಾಯವಾದವು. ಕೇಳಿದರೆ, “ಜಿಮ್‌ನಲ್ಲಿ ಓಡುವಾಗ ನಡುವೆ ಭಾಗವತಿಕೆ ಬಂದರೆ ಹೇಗೆ?” ಎಂದಳು ಬೆಂಗಳೂರಿನವಳು. ಪುಣೆಯವಳು ಬರೀ ಹಿಂದಿ ರೀಮಿಕ್ಸ್ ತುಂಬುತ್ತಾಳೆ. ಅವನ್ನು ನಾನು ಸದ್ದಿಲ್ಲದೆ ಪಟ್ಟಿಯ ತಳಕ್ಕೆ ಸರಿಸುತ್ತೇನೆ. ನನ್ನ ರುಚಿ ತಿಳಿದು ಆ್ಯಪೇ ದಿನಾ ಹೊಸ ಪಟ್ಟಿ ಮಾಡಿಕೊಡುವಾಗ ಗೆಳತಿಯರ ಜತೆ ಈ ಜಗಳ ಬೇಕೇ? ಹೊರಬಂದುಬಿಡಲೇ?’

– ಓದುಗರೊಬ್ಬರು, ಹೊನ್ನಾವರ

ಸಂಪಾದಕರ ಉತ್ತರ:

ಹೊರಬರಬೇಡಿ. ಈ ಸಲದ ಪತ್ರಗಳ ಕಟ್ಟಿನಲ್ಲಿ ಶಾಲೆಗಳ ಬಗ್ಗೆ, ರಸ್ತೆಗಳ ಬಗ್ಗೆ ದೊಡ್ಡ ದೊಡ್ಡ ದೂರುಗಳಿದ್ದವು. ಅವಕ್ಕೂ ಉತ್ತರ ಬರೆಯುತ್ತೇನೆ. ಆದರೆ ನಿಮ್ಮ ಪತ್ರ ನನ್ನ ಬಹುಕಾಲದ ನಂಬಿಕೆಯೊಂದನ್ನು ಕೆಣಕಿದ್ದರಿಂದ ಮೊದಲು ಇದನ್ನೇ ಎತ್ತಿಕೊಂಡೆ. ಸದಾ ಒಬ್ಬರೇ ಕೂತು, ತಮಗೆ ಬೇಕಾದ ಹಾಡನ್ನಷ್ಟೇ ಕೇಳುವವರ ಕಿವಿ ಬೆಳೆಯುವುದಿಲ್ಲ ಎಂಬುದು ಆ ನಂಬಿಕೆ.

ಆ್ಯಪಿನ ಪರವಾಗಿ ಹೇಳಬೇಕಾದ್ದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ರಾತ್ರಿ ಬಸ್ಸಿನಲ್ಲಿ ನಿದ್ದೆ ಬಾರದಾಗ, ಒಬ್ಬರೇ ಅಡುಗೆ ಮಾಡುವಾಗ ಅದು ಕೊಡುವ ಪಟ್ಟಿ ಚೆನ್ನಾಗಿಯೇ ಇರುತ್ತದೆ. ಮರೆತುಹೋದ ಹಾಡೊಂದನ್ನು ಎಲ್ಲಿಂದಲೋ ಹೆಕ್ಕಿ ತರುತ್ತದೆ. ಯಾರ ಮುಲಾಜೂ ಇಲ್ಲ, ಮನಸ್ತಾಪವೂ ಇಲ್ಲ. ಒಪ್ಪಿದೆ. ಆದರೆ ಅದು ಕೆಲಸ ಮಾಡುವ ಬಗೆ ನೋಡಿ. ನೀವು ನಿನ್ನೆ ಏನು ಕೇಳಿದಿರಿ, ಯಾವುದನ್ನು ಅರ್ಧಕ್ಕೇ ದಾಟಿಸಿದಿರಿ, ನಿಮ್ಮಂತೆಯೇ ಕೇಳುವ ಇತರರು ಇನ್ನೇನು ಕೇಳುತ್ತಾರೆ ಎಂಬ ಲೆಕ್ಕದ ಮೇಲೆ ಇವತ್ತಿನ ಪಟ್ಟಿ ತಯಾರಾಗುತ್ತದೆ. ನೀವು ಬೇಡವೆಂದದ್ದರ ನೆರಳೂ ನಿಮ್ಮ ಹತ್ತಿರ ಸುಳಿಯದಂತೆ ಅದು ನೋಡಿಕೊಳ್ಳುತ್ತದೆ. ನನಗೆ ಭಯವಾಗುವುದು ಅಲ್ಲಿಯೇ.

1933ರ ಸುಮಾರಿನ ಮಾತು. ಗದಗಿನ ಹನ್ನೊಂದು ವರ್ಷದ ಹುಡುಗನೊಬ್ಬ ಅಂಗಡಿಯೊಂದರ ಮುಂದೆ ನಿಂತು ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಗ್ರಾಮೊಫೋನ್ ತಟ್ಟೆ ಕೇಳಿದ. ಹಾಡಿದರೆ ಹೀಗೆ ಹಾಡಬೇಕು ಅನ್ನಿಸಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಗ್ವಾಲಿಯರ್, ಕೋಲ್ಕತ್ತ, ಜಲಂಧರ್ ಎಂದು ಊರೂರು ಸುತ್ತಿ ಬಂದವನಿಗೆ ಗುರು ಸಿಕ್ಕಿದ್ದು ಮನೆಯಿಂದ ಹೆಚ್ಚು ದೂರವಿಲ್ಲದ ಕುಂದಗೋಳದಲ್ಲಿ. ಆ ಗುರು ಸವಾಯಿ ಗಂಧರ್ವರು, ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಹುಡುಗ ಭೀಮಸೇನ ಜೋಶಿ. ಆ ತಟ್ಟೆಯನ್ನು ಹುಡುಗ ಆರಿಸಿರಲಿಲ್ಲ, ಅಂಗಡಿಯವನು ಹಾಕಿದ್ದ. ಅಂಗಡಿಯವನ ಹೆಸರು ಇತಿಹಾಸದಲ್ಲಿ ಉಳಿದಿಲ್ಲ. ಆದರೂ ಆತ ಅವತ್ತು ಬೇರೆ ತಟ್ಟೆ ಹಾಕಿದ್ದರೆ ಏನಾಗುತ್ತಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮ ಬದುಕಿನ ದಿಕ್ಕು ತಿರುಗಿಸುವ ಹಾಡನ್ನು ಬಹುತೇಕ ಬೇರೆಯವರೇ ಹಾಕಿರುತ್ತಾರೆ.

ನಿಮ್ಮ ಬೆಂಗಳೂರಿನ ಗೆಳತಿ ತೆಗೆದುಹಾಕಿದ್ದು ಸಾಮಾನ್ಯ ದನಿಯನ್ನಲ್ಲ. ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತರ ಆಸುಪಾಸು. ಯಕ್ಷಗಾನದ ಬಡಗುತಿಟ್ಟು ಶೈಲಿಯಲ್ಲಿ ಹಾಡುತ್ತಿದ್ದ ಆ ಭಾಗವತರ ದನಿ ಇವತ್ತಿಗೂ ಕೇಳುತ್ತಿದೆ ಎಂದರೆ ಅದಕ್ಕೆ ಕಾರಣ ಕ್ಯಾಸೆಟ್ಟುಗಳು, ಮತ್ತು ಆ ಕ್ಯಾಸೆಟ್ಟುಗಳನ್ನು ಒಬ್ಬರಿಂದೊಬ್ಬರು ಇಸಿದುಕೊಂಡು ನಕಲು ಮಾಡಿಕೊಂಡ ಜನ. ಕುಂದಾಪುರದ ಕಡೆಯಿಂದ ಮುಂಬೈಗೂ ಬೆಂಗಳೂರಿಗೂ ಹೋಟೆಲು ಕೆಲಸಕ್ಕೆ ಹೋದವರು ತಮ್ಮ ಟ್ರಂಕಿನಲ್ಲಿ ಆ ಪದ್ಯಗಳನ್ನು ಒಯ್ದರು. ಅದನ್ನು ಕಲಬುರಗಿ, ಪುಣೆ, ದುಬೈಗಳ ಕಿವಿಗೆ ಮುಟ್ಟಿಸಬೇಕೆಂದು ನಿಮಗೆ ತೋಚಿತಲ್ಲ, ಅದು ದೊಡ್ಡ ಮಾತು. ನಿಮ್ಮ ಮೇಲೆ ನನಗೆ ಅಭಿಮಾನ ಹುಟ್ಟಿದ್ದೇ ಆ ಸಾಲು ಓದಿ.

ನಿಮ್ಮ ಜಗಳವೂ ಹೊಸದಲ್ಲ. ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ ತಂದು, ಅದು ನಮ್ಮ ಪೇಟೆಗಳಿಗೆ ಇಳಿದ ಮೇಲೆ ಊರೂರಲ್ಲಿ ರೆಕಾರ್ಡಿಂಗ್ ಅಂಗಡಿಗಳು ಹುಟ್ಟಿಕೊಂಡವು. ಹಾಡಿನ ಪಟ್ಟಿ ಬರೆದುಕೊಟ್ಟರೆ ನಾಲ್ಕು ದಿನ ಬಿಟ್ಟು ತುಂಬಿಸಿ ಕೊಡುತ್ತಿದ್ದರು. ಅರವತ್ತು ನಿಮಿಷದ ಕ್ಯಾಸೆಟ್ಟು, ಒಂದು ಮಗ್ಗುಲಿಗೆ ಮೂವತ್ತು ನಿಮಿಷ. ಏಳನೆಯ ಹಾಡಿಗೆ ಜಾಗ ಸಾಲದಿದ್ದರೆ ಅಂಗಡಿಯವನು ಪಲ್ಲವಿಗೇ ಕತ್ತರಿಸಿಬಿಡುತ್ತಿದ್ದ. ನಮ್ಮ ಹಾಸ್ಟೆಲಿನಲ್ಲಿ ನಾಲ್ವರಿಗೆ ಒಂದೇ ಟೇಪ್ ರೆಕಾರ್ಡರ್, ಆದ್ದರಿಂದ ಪಟ್ಟಿಯನ್ನೂ ಕೂಡಿ ಕುಳಿತೇ ಬರೆಯಬೇಕು. ಯಾರ ಹಾಡು ಎ ಮಗ್ಗುಲಿಗೆ, ಯಾರದು ಬಿ ಮಗ್ಗುಲಿಗೆ ಎಂಬುದಕ್ಕೇ ರಾತ್ರಿಯಿಡೀ ವಾದ. ಕ್ಯಾಸೆಟ್ಟಿನ ನೆತ್ತಿಯ ಮೇಲೆ ಎರಡು ಪುಟ್ಟ ಪ್ಲಾಸ್ಟಿಕ್ ಚಕ್ಕೆಗಳಿರುತ್ತಿದ್ದವು. ಅವನ್ನು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಮಾಡಲಾಗದು. ನನ್ನ ಹಿಂದೂಸ್ತಾನಿ ಕ್ಯಾಸೆಟ್ಟಿನ ಚಕ್ಕೆಗಳನ್ನು ನಾನು ಜೋಪಾನವಾಗಿ ಮುರಿದಿಟ್ಟರೆ, ಕೋಣೆಯ ಗೆಳೆಯನೊಬ್ಬ ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿ ಅದರ ಮೇಲೆ ಸಿನಿಮಾ ಹಾಡು ತುಂಬಿಸಿದ. ಎರಡು ವಾರ ಮಾತು ಬಿಟ್ಟೆ. ಆದರೆ ಅಷ್ಟೂ ದಿನ ಟೇಪಿನಲ್ಲಿ ಓಡಿದ್ದು ಅವನ ಹಾಡುಗಳೇ. ಎಸ್. ಜಾನಕಿಯವರ ದನಿಯಲ್ಲಿ ಏನಿದೆ ಎಂದು ನನಗೆ ಗೊತ್ತಾದದ್ದು ಆ ಎರಡು ವಾರಗಳಲ್ಲಿ.

ರೇಡಿಯೊ ಅಂತೂ ಈ ಕೆಲಸವನ್ನು ಇಡೀ ದೇಶಕ್ಕೆ ಮಾಡಿತು. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಸಿನಿಮಾ ಹಾಡು ಆಕಾಶವಾಣಿಯಿಂದ ಹೊರಬಿತ್ತು. ಕೇಳುಗರು ರೇಡಿಯೊ ಸಿಲೋನಿನ ಕಡೆ ಮುಳ್ಳು ತಿರುಗಿಸಿದರು. ಕೊನೆಗೆ 1957ರ ಅಕ್ಟೋಬರಿನಲ್ಲಿ ಆಕಾಶವಾಣಿಯೇ ಸಿನಿಮಾ ಹಾಡು ಹಾಕುವ ವಿವಿಧ ಭಾರತಿಯನ್ನು ಶುರು ಮಾಡಬೇಕಾಯಿತು. ಮುಂದೆ ಕೋರಿಕೆ ಪತ್ರಗಳ ಕಾಲ ಬಂತು. ಈಗ ಜಾರ್ಖಂಡಿನಲ್ಲಿರುವ ಝುಮ್ರಿ ತಲೈಯಾ ಎಂಬ ಅಭ್ರಕದ ಗಣಿಯೂರಿನ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಅಲ್ಲಿನವರು ಎಡೆಬಿಡದೆ ಬರೆದ ಕೋರಿಕೆ ಕಾರ್ಡುಗಳಿಂದ. ಧಾರವಾಡ, ಭದ್ರಾವತಿ, ಮಂಗಳೂರು ಕೇಂದ್ರಗಳ ಕೋರಿಕೆ ಕಾರ್ಯಕ್ರಮಗಳಲ್ಲೂ ಹಾಡಿಗೆ ಮುಂಚೆ ಹೆಸರುಗಳ ಸರಮಾಲೆ ಬರುತ್ತಿತ್ತು: ಯಾವ ಊರು, ಯಾರ ಮನೆ, ಜತೆಗೆ ಅಣ್ಣ, ಅತ್ತಿಗೆ, ಮಕ್ಕಳು. ಮೂರು ನಿಮಿಷದ ಹಾಡಿಗೆ ಒಂದು ನಿಮಿಷದ ಹೆಸರು. ಯಾರೂ ಬೇಸರಪಡಲಿಲ್ಲ. ಯಾರಿಗೋ ಬೇಕಾದ ಹಾಡನ್ನು ಊರೆಲ್ಲ ಕೇಳುತ್ತಿತ್ತು, ನಮ್ಮ ಹಾಡಿನ ಸರದಿಗೆ ಕಾಯುತ್ತಿತ್ತು.

ಈಗ ನಿಮಗೆ ಸ್ವಲ್ಪ ಗದರಬೇಕು, ಬೇಸರಿಸಬೇಡಿ. ಪುಣೆಯ ಗೆಳತಿಯ ಹಾಡುಗಳನ್ನು ಸದ್ದಿಲ್ಲದೆ ತಳಕ್ಕೆ ಸರಿಸುತ್ತೇನೆ ಎಂದು ಬರೆದಿದ್ದೀರಿ. ಬೆಂಗಳೂರಿನವಳು ಅಳಿಸಿದ್ದಕ್ಕೂ ಇದಕ್ಕೂ ಬಹಳ ಅಂತರ ನನಗೆ ಕಾಣಲಿಲ್ಲ. ಇಂಥ ಪಟ್ಟಿಗಳಲ್ಲಿ ಒಂದು ಹಾಡನ್ನು ಯಾರು ಸೇರಿಸಿದರು ಎಂಬುದು ಅದರ ಪಕ್ಕದಲ್ಲೇ ಕಾಣುತ್ತದೆ. ಯಾರು ತೆಗೆದರು, ಯಾರು ಸರಿಸಿದರು ಎಂಬುದು ಕಾಣುವುದಿಲ್ಲ. ಸೇರಿಸಲು ಇರುವಷ್ಟೇ ಅಧಿಕಾರ ತೆಗೆಯಲೂ ಎಲ್ಲರಿಗೂ ಇರುತ್ತದೆ. ಮಾಡಿದವರ ಸದ್ಬುದ್ಧಿಯೊಂದೇ ಅಲ್ಲಿನ ಕಾವಲು. ಪುಣೆಯಲ್ಲಿ ಆಕೆ ದಿನವಿಡೀ ಹಿಂದಿ, ಮರಾಠಿಗಳ ನಡುವೆ ದುಡಿಯುತ್ತಾಳೆ. ಆ ರೀಮಿಕ್ಸುಗಳು ಅವಳ ಲೋಕಲ್ ರೈಲಿನ, ಆಫೀಸಿನ ಕ್ಯಾಂಟೀನಿನ ಹಾಡುಗಳಿರಬಹುದು. ಅವು ಕೆಟ್ಟ ಹಾಡುಗಳೇ ಇರಲಿ, ಅವಳ ದಿನ ಹೇಗೆ ಕಳೆಯುತ್ತದೆ ಎಂದು ನಿಮಗೆ ಹೇಳುತ್ತಿವೆ. ಫೋನು ಮಾಡಿ, ಯಾಕೆ ಇದೇ ಹಾಡು ಎಂದು ಕೇಳಿದ್ದೀರಾ? ಪತ್ರದಲ್ಲಿ ಆ ಮಾತಿಲ್ಲ. ಕಲಬುರಗಿಯವಳು, ದುಬೈನವಳು ಏನು ಹಾಕಿದ್ದಾರೆ ಎಂಬುದನ್ನೂ ನೀವು ಬರೆದಿಲ್ಲ. ಅವರು ಹಾಕಿದ್ದನ್ನು ಕೇಳಿದ್ದೀರೋ ಇಲ್ಲವೋ ಎಂಬ ಅನುಮಾನ ನನಗೆ.

ಐವರು ಕೂಡಿ ಕೇಳುವುದರಲ್ಲಿ ಇನ್ನೊಂದು ಸಂಗತಿ ಅಡಗಿದೆ. ಅದು ನಿಮ್ಮ ಗೆಳೆತನಕ್ಕಿಂತ ಹಾಡುವವರಿಗೆ ಸಂಬಂಧಿಸಿದ್ದು. ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈ 2024ರಿಂದ ಒಂದು ನಿಯಮ ತಂದಿದೆ: ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ರಾಯಧನದಲ್ಲಿ ಪಾಲಿಲ್ಲ. ಒಬ್ಬರೇ ಕೂತು ಸಾವಿರ ಸಲ ಒತ್ತಿದರೂ ಆಗದು, ಬೇರೆ ಬೇರೆ ಕೇಳುಗರೂ ಇರಬೇಕು. ಸಿನಿಮಾ ಹಾಡಿಗೆ ಸಾವಿರ ಎಂಬುದು ಒಂದು ಗಂಟೆಯ ಮಾತು. ತತ್ವಪದ ಹಾಡುವ ಒಬ್ಬ ಹಳ್ಳಿಯ ಗಾಯಕನಿಗೆ, ಒಂದು ಮೇಳದ ಎಳೆಯ ಭಾಗವತನಿಗೆ ಅದು ದೊಡ್ಡ ಬೆಟ್ಟ. ನೀವೈವರು ವಾರಕ್ಕೆ ಎರಡೆರಡು ಸಲ ಒಂದು ಹಾಡು ಕೇಳಿದರೆ ವರ್ಷಕ್ಕೆ 520 ಆಯಿತು. ನಿಮ್ಮಂಥದೇ ಇನ್ನೊಂದು ಕೂಟ ಸೇರಿದರೆ ಸಾವಿರ ದಾಟಿತು. ಬೆಂಗಳೂರಿನ ಗೆಳತಿಗೆ ಈ ಲೆಕ್ಕವನ್ನು ತೋರಿಸಿ.

ಮಾತು ಇಲ್ಲಿಗೆ ಬಂದಮೇಲೆ ಹೊಟ್ಟೆಯೊಳಗಿನ ಸಂಕಟವನ್ನೂ ಹೇಳಿಬಿಡುತ್ತೇನೆ. ನಮ್ಮ ಹಳಬರು ಜಾಣರು, ಹೆಸರನ್ನು ಹಾಡಿನೊಳಗೇ ಇಟ್ಟರು. ಪುರಂದರ ವಿಠಲ ಎಂಬ ಅಂಕಿತ ಇಲ್ಲದೆ ದಾಸರ ಪದ ಮುಗಿಯುವುದಿಲ್ಲ. ಶಿಶುನಾಳಾಧೀಶ ಎಂದು ಬಂದರೆ ಷರೀಫರು ಎಂದು ದನ ಕಾಯುವ ಹುಡುಗನಿಗೂ ಗೊತ್ತು. ಹೊಸಗನ್ನಡದ ಕವಿಗಳು ಅಂಕಿತ ಬಿಟ್ಟರು, ಆ ಕೆಲಸವನ್ನು ಕ್ಯಾಸೆಟ್ಟಿನ ಹೊದಿಕೆ ವಹಿಸಿಕೊಂಡಿತು. 1978ರಲ್ಲಿ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳಿಗೆ ಸ್ವರ ಹಾಕಿ ತಂದ ‘ನಿತ್ಯೋತ್ಸವ’ ಧ್ವನಿಸುರುಳಿ ಮನೆಮನೆಗೆ ಹೋದಾಗ, ಹಾಡಿನ ಜತೆ ಕವಿಯ ಹೆಸರೂ ಹೋಯಿತು. ಕವಿತೆ ಓದದವರೂ ಕವಿಯನ್ನು ಗುರುತಿಸಿದರು. ಇವತ್ತು ಫೋನಿನ ಪರದೆಯ ಮೇಲೆ ಮೊದಲು ಕಾಣುವುದು ಗಾಯಕರ ಹೆಸರು, ಬಿಟ್ಟರೆ ಸಂಗೀತ ಸಂಯೋಜಕರದ್ದು. ಕವಿಯನ್ನು ಹುಡುಕಲು ಒಳಗೊಳಗೆ ಎರಡು ಮೂರು ಕಡೆ ಒತ್ತಬೇಕು. ಒತ್ತಿದರೂ ಎಷ್ಟೋ ಭಾವಗೀತೆಗಳಿಗೆ ಆ ಜಾಗ ಖಾಲಿ. ಹಾಡಿನ ಹೆಸರೋ ಇಂಗ್ಲಿಷ್ ಅಕ್ಷರದಲ್ಲಿ. ದೀರ್ಘಕ್ಕೆ ಒಬ್ಬರು ಎರಡು ‘ಎ’ ಹಾಕುತ್ತಾರೆ, ಇನ್ನೊಬ್ಬರು ಒಂದೇ ಹಾಕುತ್ತಾರೆ. ‘ಳ’ ಯಾವುದು ‘ಲ’ ಯಾವುದು ಎಂಬ ಗೊಡವೆಯೇ ಇಲ್ಲ. ಇರುವ ಹಾಡೂ ಹುಡುಕಿದರೆ ಸಿಗುವುದಿಲ್ಲ. ಕನ್ನಡದ ಹಾಡುಗಳನ್ನು ಮಾರಿ ಬದುಕುವ ಸಂಸ್ಥೆಗಳು ಕನ್ನಡದಲ್ಲಿ ನಾಲ್ಕು ಹೆಸರು ಸರಿಯಾಗಿ ನಮೂದಿಸಲು ಒಬ್ಬ ಓದಿದ ಹುಡುಗನನ್ನು ನೇಮಿಸಬಾರದೇ? ಎಂಥ ಖರ್ಚು ಅದು? ಪತ್ರಿಕೆಗಳೂ ಇದರಲ್ಲಿ ಪಾಲುದಾರರೇ. ಧ್ವನಿಸುರುಳಿ ವಿಮರ್ಶೆಗೆಂದು ಮೀಸಲಿದ್ದ ಅಂಕಣಗಳು ಒಂದೊಂದಾಗಿ ನಿಂತುಹೋದಾಗ ಯಾರೂ ಕೇಳಲಿಲ್ಲ.

ಸರಿ, ನೀವು ಮಾಡಬಹುದಾದ್ದು ಹೇಳುತ್ತೇನೆ. ಜಿಮ್‌ಗೆ ಬೇಕಾದ ಹಾಡುಗಳನ್ನು ಬೆಂಗಳೂರಿನವಳು ಬೇರೆ ಪಟ್ಟಿಯಾಗಿ ಇಟ್ಟುಕೊಳ್ಳಲಿ, ಅದು ನ್ಯಾಯವೇ. ಐವರ ಪಟ್ಟಿಯಲ್ಲಿ ಮಾತ್ರ ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ತೆಗೆಯಬಾರದು, ಸರಿಸಲೂಬಾರದು. ಒಬ್ಬೊಬ್ಬರಿಗೆ ತಿಂಗಳಿಗೆ ಇಷ್ಟೇ ಹಾಡು ಎಂದು ಗೊತ್ತುಮಾಡಿಕೊಂಡರೆ ಪುಣೆಯ ಪ್ರವಾಹವೂ ತಗ್ಗುತ್ತದೆ. ಪಟ್ಟಿಯ ವಿವರಣೆಗೆಂದು ಒಂದು ಸಣ್ಣ ಜಾಗವಿರುತ್ತದಲ್ಲ, ಅಲ್ಲಿ ಕವಿಗಳ ಹೆಸರನ್ನು ಕನ್ನಡದಲ್ಲಿ ಬರೆಯಿರಿ. ಹಾಡುಗಳನ್ನು ಕಲಸಿಬಿಡುವ ಷಫಲ್ ಗುಂಡಿ ಒತ್ತದೆ, ಹಾಕಿದ ಕ್ರಮದಲ್ಲೇ ಒಮ್ಮೆಯಾದರೂ ಪೂರ್ತಿ ಕೇಳಿ. ನಾವಡರ ಪದ್ಯವನ್ನು ಈ ಸಲ ಪ್ರಸಂಗದ ಎರಡು ಸಾಲಿನ ಕಥೆಯೊಂದಿಗೆ ಮತ್ತೆ ಹಾಕಿ. ಯುದ್ಧಕ್ಕೆ ಹೊರಟವನ ಪದ್ಯ ಎಂದು ಗೊತ್ತಾದರೆ ಓಡುವವಳಿಗೆ ಅದಕ್ಕಿಂತ ಒಳ್ಳೆಯ ಲಯ ಸಿಗಲಿಕ್ಕಿಲ್ಲ.

ಆಮೇಲೆ ಆ ಪಟ್ಟಿಯನ್ನು ನಮಗೂ ಕಳಿಸಿಕೊಡಿ. ಯಾರು ಯಾವ ಹಾಡು ಹಾಕಿದರು, ಯಾಕೆ ಹಾಕಿದರು ಎಂದು ಒಂದೊಂದು ಸಾಲು ಬರೆದಿರಲಿ. ಕವಿ, ಸಂಯೋಜಕ, ಗಾಯಕ ಮೂವರ ಹೆಸರೂ ಇರಲಿ. ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ, ಪುಣೆಯ ರೀಮಿಕ್ಸುಗಳನ್ನೂ ಸೇರಿಸಿ. ಉಳಿದ ಓದುಗರೂ ತಮ್ಮ ತಮ್ಮ ಕೂಟದ ಪಟ್ಟಿ ಕಳಿಸಬಹುದು. ಒಬ್ಬರೇ ಕೂತು ಮಾಡಿದ ಪಟ್ಟಿಗಳನ್ನು ಮಾತ್ರ ದಯವಿಟ್ಟು ಕಳಿಸಬೇಡಿ.