ಹಾರುವ ಟ್ಯಾಕ್ಸಿಯಲ್ಲಿ ಹೊಟ್ಟೆ ತೊಳಸುತ್ತಾ?

ಪ್ರಶ್ನೆ: ಬ್ಯಾಟರಿಯಲ್ಲಿ ಹಾರುವ ಟ್ಯಾಕ್ಸಿ ಬರುತ್ತದಂತೆ. ನನಗೆ ಘಾಟಿ ರಸ್ತೆಯ ಬಸ್ಸೇ ಆಗಿಬರಲ್ಲ. ಅದರಲ್ಲಿ ಕೂತರೆ ಹೇಗಿರುತ್ತದೆ?
– ಓದುಗರೊಬ್ಬರು, ತುಮಕೂರು

ಉತ್ತರ: ಅಮೆರಿಕದ ಜೋಬಿ ಕಂಪನಿಯದನ್ನೇ ನೋಡಿ. 2023ರಲ್ಲಿ ನ್ಯೂಯಾರ್ಕಿನಲ್ಲಿ ಹಾರಿಸಿ ತೋರಿಸಿದ್ದರು. ಪೈಲಟ್ ಬಿಟ್ಟರೆ ನಾಲ್ಕೇ ಸೀಟು. ಆರು ಪ್ರೊಪೆಲರ್‌ಗಳು ಮೊದಲು ಮೇಲಕ್ಕೆ ಮುಖ ಮಾಡಿ ನೆಟ್ಟಗೆ ಎತ್ತುತ್ತವೆ. ಆಮೇಲೆ ಮುಂದಕ್ಕೆ ವಾಲುತ್ತವೆ, ಭಾರವನ್ನು ರೆಕ್ಕೆ ಹೊರುತ್ತದೆ.

ಶಬ್ದದ್ದೇ ದೊಡ್ಡ ವ್ಯತ್ಯಾಸ. ನಾನು ಒಮ್ಮೆ ಹೆಲಿಕಾಪ್ಟರ್ ಹತ್ತಿದ್ದೆ. ಹೆಡ್‌ಫೋನ್ ಕಿವಿಗೆ ಒತ್ತಿಕೊಂಡರೂ ಪಕ್ಕದವರ ಮಾತು ಕೇಳಿಸಲಿಲ್ಲ, ಸುಮ್ನೆ ತಲೆಯಾಡಿಸುತ್ತಾ ಕೂತಿದ್ದೆ. ಜೋಬಿಯ ವಿಮಾನ ಸುಮಾರು 500 ಮೀಟರ್ ಎತ್ತರದಲ್ಲಿ ಹೋಗುವಾಗ ನಾಸಾ ಜೊತೆ ನೆಲದಲ್ಲಿ ಅಳೆದಾಗ ಸಿಕ್ಕಿದ್ದು 45 ಡೆಸಿಬೆಲ್ ಆಸುಪಾಸು, ಅಂದರೆ ಮೆಲುಮಾತಿನಷ್ಟು ಸದ್ದು. ಅದು ಕೆಳಗಿರುವವರ ಲೆಕ್ಕ, ಒಳಗೆ ಕೂತವರದ್ದಲ್ಲ, ಗಮನಿಸಿ.

ಇನ್ನು ನಿಮ್ಮ ಹೊಟ್ಟೆ. ಪುಟ್ಟ ವಿಮಾನ, ಹಾರುವುದೂ ತಗ್ಗಿನಲ್ಲಿ. ಮಧ್ಯಾಹ್ನ ಕಾದ ನೆಲದಿಂದ ಗಾಳಿ ಏಳುವಾಗ ಕುಲುಕಾಟ ಜಾಸ್ತಿಯೇ. ಬೆಳಗಿನ ಹೊತ್ತು ಹತ್ತಿ, ಮೊಬೈಲ್ ಒಳಗಿಡಿ, ದೂರದ ದಿಗಂತ ನೋಡಿ. ಸಮಾಧಾನವೆಂದರೆ, ನ್ಯೂಯಾರ್ಕ್ ನಗರದ ನಡುಭಾಗ ಮ್ಯಾನ್‌ಹ್ಯಾಟನ್‌ನಿಂದ ಅಲ್ಲಿನ ಕೆನಡಿ ವಿಮಾನ ನಿಲ್ದಾಣಕ್ಕೆ 7 ನಿಮಿಷ ಸಾಕು ಎನ್ನುತ್ತದೆ ಕಂಪನಿ. ಅಷ್ಟು ಹೊತ್ತು ತಡೆದುಕೊಳ್ಳಬಹುದು, ಅಲ್ವಾ?