ಓದುಗರ ಪ್ರಶ್ನೆ: ಒಬ್ಬಳೇ ಜರ್ಮನಿಗೆ ಹೋಗುತ್ತಿದ್ದೇನೆ, ಏನೇನು ನೋಡಿಕೊಳ್ಳಬೇಕು?

ಪ್ರಶ್ನೆ: ಅಕ್ಕಾ, ನನಗೆ 16 ವರ್ಷ. ಹತ್ತನೇ ಕ್ಲಾಸಿನ ಪರೀಕ್ಷೆ ಬರೆದಿದ್ದೇನೆ, ಜೂನ್‌ನಲ್ಲಿ ಪಿಯುಸಿ ಸೇರಬೇಕು. ಸ್ಕೂಲಿನಲ್ಲಿ ಜರ್ಮನ್ ತಗೊಂಡಿದ್ದೆ. ಜುಲೈನಲ್ಲಿ ಮೂರು ವಾರ ಜರ್ಮನಿಯ ಒಂದು ಬೇಸಿಗೆ ಕೋರ್ಸಿಗೆ ಸೀಟು ಸಿಕ್ಕಿದೆ. ಹಾಸ್ಟೆಲ್, ಊಟ ಎಲ್ಲ ಅವರದ್ದೇ. ನಾನು ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಅಮ್ಮ ಈಗಲೇ ತುಪ್ಪ, ಪೇಡ, ಉಪ್ಪಿನಕಾಯಿ ಅಂತ ಪಟ್ಟಿ ಮಾಡ್ತಿದ್ದಾರೆ. ಅಪ್ಪ ಎರಡು ತಾಸಿಗೊಮ್ಮೆ ಫೋನ್ ಮಾಡು ಅಂತಾರೆ. ನಮ್ಮ ಮನೆಯಲ್ಲಿ ಮೊಟ್ಟೆನೂ ತಿನ್ನಲ್ಲ. ಅಲ್ಲಿ ಏನಾದ್ರೂ ಆದ್ರೆ ನನ್ನ ಅರೆಬರೆ ಜರ್ಮನ್‌ನಲ್ಲಿ ಯಾರಿಗೆ ಹೇಗೆ ಹೇಳಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಕಾಲೇಜಿನ ವಿಷಯ ಮುಗಿಸೋಣ ಪುಟ್ಟಿ. ನಮ್ಮ ಬೇಸಿಗೆ ರಜೆ ಏಪ್ರಿಲ್, ಮೇ. ಅವರ ಬೇಸಿಗೆ ಶುರುವಾಗುವುದೇ ಜೂನ್ ಕೊನೆಗೆ. ನೀನು ವಿಮಾನ ಹತ್ತುವ ಹೊತ್ತಿಗೆ ಇಲ್ಲಿ ಪಾಠ ಒಂದು ತಿಂಗಳು ಮುಂದೆ ಹೋಗಿರುತ್ತದೆ. ಪಿಯುಸಿಗೆ ಶೇ. 75 ಹಾಜರಿ ಬೇಕು. ಮೂರು ವಾರ ಹೋದರೆ ಅದಕ್ಕೇನೂ ತೊಂದರೆ ಇಲ್ಲ, ಆದರೆ ಉಳಿದ ವರ್ಷ ಸುಮ್ಸುಮ್ನೆ ರಜೆ ಹಾಕುವ ಹಾಗಿಲ್ಲ. ಅಡ್ಮಿಷನ್ ದಿನವೇ ಅಪ್ಪನನ್ನು ಕರೆದುಕೊಂಡು ಪ್ರಿನ್ಸಿಪಾಲರ ಹತ್ತಿರ ಹೋಗು. ಕೋರ್ಸಿನ ಪತ್ರ ತೋರಿಸಿ ರಜೆ ಅರ್ಜಿಗೆ ಸಹಿ ಹಾಕಿಸಿಕೋ. ಬಾಯಿಮಾತಿನ ಒಪ್ಪಿಗೆ ಪರೀಕ್ಷೆ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ವೀಸಾಕ್ಕೆ ಈ ತಿಂಗಳೇ ಅರ್ಜಿ ಹಾಕಿ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದಲೇ ಷೆಂಗೆನ್ ವೀಸಾಕ್ಕೆ (ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಅರ್ಜಿ ತಗೊಳ್ಳುತ್ತಾರೆ. ಬೆರಳಚ್ಚು ಕೊಡಲು ನೀನೇ ಬೆಂಗಳೂರಿಗೆ ಹೋಗಬೇಕು. ಕನಿಷ್ಠ 30,000 ಯೂರೋವರೆಗಿನ ಖರ್ಚು ಭರಿಸುವ ವೈದ್ಯಕೀಯ ವಿಮೆ, ಜನನ ಪ್ರಮಾಣಪತ್ರ, ಅಪ್ಪ-ಅಮ್ಮ ಇಬ್ಬರ ಒಪ್ಪಿಗೆ ಪತ್ರ ಬೇಕು. ನಮ್ಮ ಕಡೆ ಮಕ್ಕಳಿಗೆ ಹೆಸರಿನ ತಕರಾರು ಜಾಸ್ತಿ. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಬರೆದಿರುತ್ತದೆ. ಟಿಕೆಟ್, ವಿಮೆ, ಕೋರ್ಸಿನ ಪತ್ರ ಮೂರರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹೆಸರು ಬರಲಿ. ಈ ಕಾಗದಗಳನ್ನೆಲ್ಲ ಕೈಚೀಲದಲ್ಲೇ ಇಟ್ಟುಕೋ. ಅಲ್ಲಿ ಇಳಿದಾಗ ಕೇಳುತ್ತಾರೆ, ಆಗ ಸೂಟ್‌ಕೇಸ್ ನಿನ್ನ ಹತ್ತಿರ ಇರುವುದಿಲ್ಲ. ಪವರ್ ಬ್ಯಾಂಕ್ ಕೂಡ ಕೈಚೀಲದಲ್ಲೇ ಇರಬೇಕು.

ಇನ್ನು ಅಮ್ಮನ ಪಟ್ಟಿ. ಯುರೋಪ್ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ, ಮಾಂಸದ ಪದಾರ್ಥ ತರುವಂತಿಲ್ಲ. ತುಪ್ಪ, ಬೆಣ್ಣೆ, ಪೇಡ, ಕುಂದಾ ಎಲ್ಲ ಅದರಲ್ಲೇ ಬಂತು. ಮಾವಿನಹಣ್ಣೂ ಬೇಡ. ಉಪ್ಪಿನಕಾಯಿ ಒಯ್ಯಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಸೂಟ್‌ಕೇಸಿನಲ್ಲಿಡು. ಒಂದು ಕಟ್ಟು ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಮಾತ್ರ ಮರೆಯಬೇಡ. ಯಾಕೆ ಅಂತ ಹೇಳುತ್ತೇನೆ.

ನಾನು ಜರ್ಮನ್ ಕಲಿಸುವವಳು. ಬೇಸಿಗೆ ಕೋರ್ಸಿಗೆ ಮಕ್ಕಳ ಜೊತೆ ಹೋಗುತ್ತಿರುತ್ತೇನೆ. ಅಲ್ಲಿ ಬಿಸಿ ಊಟ ಮಧ್ಯಾಹ್ನಕ್ಕೇ ಮುಗಿಯಿತು. ಸಂಜೆ ಆರೂವರೆಗೆ ಊಟದ ಮನೆಗೆ ಹೋದರೆ ಮೇಜಿನ ಮೇಲೆ ಬುಟ್ಟಿಯ ತುಂಬಾ ಕಂದು ಬ್ರೆಡ್ಡು, ಚೀಸ್, ಸೌತೆಕಾಯಿ ಬಿಲ್ಲೆ, ಟೊಮೆಟೊ. ಬಿಸಿ ಇರುವುದು ಟೀ ಒಂದೇ, ಅದೂ ಹಾಲಿಲ್ಲದ್ದು. ಕಿಟಕಿ ಆಚೆ ಬಿಸಿಲು ಚುರುಚುರು. ಸೂರ್ಯ ಮುಳುಗುವುದು ಒಂಬತ್ತರ ಮೇಲೆ. ಗಡಿಯಾರ ರಾತ್ರಿ ಊಟ ಅನ್ನುತ್ತದೆ, ಹೊಟ್ಟೆ ಒಪ್ಪುವುದಿಲ್ಲ. ಒಂಬತ್ತಕ್ಕೆ ಅನ್ನ-ಸಾರು ಉಂಡು ರೂಢಿಯಾದ ನಮ್ಮ ಮಕ್ಕಳು ಬ್ರೆಡ್ ಚೂರು ಮುರಿಯುತ್ತಾ ಸಪ್ಪೆ ಮುಖ ಮಾಡಿ ಕೂರುವುದು ಇದೇ ಹೊತ್ತಿಗೆ. ಆಗ ರೊಟ್ಟಿ ಮುರಿದು ಮೊಸರು, ಚಟ್ನಿಪುಡಿ ಹಚ್ಚಿಕೊಂಡರೆ ಹೊಟ್ಟೆ ತುಂಬುತ್ತದೆ. ಮೊಸರು ಅಲ್ಲಿ ಎಲ್ಲ ಕಡೆ ಸಿಗುತ್ತದೆ, ಸಿಹಿ ಹಾಕದ್ದನ್ನು ನೋಡಿ ತಗೋ. ಪಕ್ಕದ ಹುಡುಗಿಗೂ ಒಂದು ತುಂಡು ಕೊಡು. ಮಾತು ತಾನಾಗೇ ಶುರುವಾಗುತ್ತದೆ.

ಮೊಟ್ಟೆ ತಿನ್ನುವುದಿಲ್ಲ ಎನ್ನುವುದನ್ನು ಕೋರ್ಸಿನ ಫಾರಂನಲ್ಲೇ ಬರೆ. ಸುಮ್ನೆ ವೆಜಿಟೇರಿಯನ್ ಎಂದರೆ ಅಲ್ಲಿ ಮೊಟ್ಟೆ ಬಂದೇ ಬರುತ್ತದೆ. ‘ಇಶ್ ಎಸ್ಸೆ ಕೈನ್ ಫ್ಲೈಶ್, ಕೈನೆನ್ ಫಿಶ್ ಉಂಡ್ ಕೈನೆ ಐಯರ್’, ಅಂದರೆ ನಾನು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ ಅಂತ. ಇದನ್ನು ಬಾಯಿಪಾಠ ಮಾಡಿಕೋ. ಬಣ್ಣಬಣ್ಣದ ಜೆಲ್ಲಿ ಮಿಠಾಯಿಗಳಲ್ಲಿ ಹೆಚ್ಚಾಗಿ ಪ್ರಾಣಿಗಳಿಂದ ತೆಗೆದ ಜೆಲಾಟಿನ್ ಇರುತ್ತದೆ, ಪೊಟ್ಟಣ ಓದಿ ತಗೋ.

ಭಾನುವಾರ ಅಂಗಡಿಗಳು ಬಂದ್, ಬೇಕಾದ್ದನ್ನು ಶನಿವಾರವೇ ತಂದಿಟ್ಟುಕೋ. ಬರ್ಲಿನ್, ಮ್ಯೂನಿಕ್‌ನಂಥ ಊರುಗಳ ಮೆಟ್ರೋದಲ್ಲಿ ನಮ್ಮಲ್ಲಿಯ ಹಾಗೆ ಗೇಟು ಇರುವುದಿಲ್ಲ. ಕಾಗದದ ಟಿಕೆಟ್ ತಗೊಂಡ ಮೇಲೆ ಅಲ್ಲೇ ಇರುವ ಪುಟ್ಟ ಪೆಟ್ಟಿಗೆಗೆ ತೂರಿಸಿ ಮುದ್ರೆ ಹಾಕಿಸಬೇಕು. ಮುದ್ರೆ ಇಲ್ಲದಿದ್ದರೆ ಟಿಕೆಟ್ ಕೈಯಲ್ಲಿದ್ದರೂ 60 ಯೂರೋ ದಂಡ. ತಲೆನೋವಿನ ಮಾತ್ರೆ ಕೂಡ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುವುದಿಲ್ಲ, ‘ಅಪೊಟೇಕೆ’ ಎನ್ನುವ ಔಷಧಿ ಅಂಗಡಿಗೇ ಹೋಗಬೇಕು. ನಿನಗೆ ರೂಢಿಯಿರುವ ಮಾತ್ರೆಗಳನ್ನು ಡಾಕ್ಟರ ಚೀಟಿ ಸಮೇತ ಒಯ್ಯುವುದೇ ಒಳ್ಳೆಯದು.

ಇನ್ನೊಂದು ವಿಷಯ, ಮನೆಯವರೂ ಓದಲಿ. ಜರ್ಮನಿಯಲ್ಲಿ 16 ತುಂಬಿದವರಿಗೆ ಬಿಯರ್, ವೈನ್ ಕೊಳ್ಳಲು ಕಾನೂನು ಬಿಡುತ್ತದೆ. ಯಾರಾದರೂ ಬಾಟಲಿ ಮುಂದೆ ಹಿಡಿದರೆ ‘ನೈನ್, ಡಾಂಕೆ’ ಅಂದರೆ ಸಾಕು. ಕಾರಣ ಹೇಳುವ ಅಗತ್ಯವಿಲ್ಲ, ನಾಚಿಕೆಪಡುವುದಂತೂ ಬೇಡವೇ ಬೇಡ. ಕೋರ್ಸಿನವರ ಸ್ವಂತ ನಿಯಮ ಇನ್ನೂ ಬಿಗಿ ಇರಬಹುದು, ಮೊದಲ ದಿನವೇ ಕೇಳಿಕೋ.

ಈಗ ನಿನ್ನ ನಿಜವಾದ ಭಯಕ್ಕೆ ಬರೋಣ. ಭಾಷೆ ಅಲ್ಲಿ ನಿನಗೆ ಅಷ್ಟು ದೊಡ್ಡ ಅಡ್ಡಿ ಆಗುವುದಿಲ್ಲ. ಮಕ್ಕಳನ್ನು ನೋಡಿಕೊಳ್ಳುವ ‘ಬೆಟ್ರಾಯರ್’ಗಳು ಇರುತ್ತಾರೆ, ಇಂಗ್ಲಿಷೂ ನಡೆಯುತ್ತದೆ. ನಾನು ನೋಡಿರುವ ತೊಂದರೆ ಬೇರೆ. ನಮ್ಮ ಮಕ್ಕಳು ಕೇಳುವುದೇ ಇಲ್ಲ. ಜ್ವರ ಬಂದರೂ ಎರಡು ದಿನ ಮುಸುಕು ಹಾಕಿ ಮಲಗುತ್ತಾರೆ. ಮನೆಯಲ್ಲಿ ಎಲ್ಲವನ್ನೂ ಅಪ್ಪ-ಅಮ್ಮನೇ ಕೇಳಿ ಮಾಡಿಸಿಕೊಟ್ಟಿರುತ್ತಾರೆ, ಅಲ್ವಾ? ಅದಕ್ಕೇ ಈ ಏಪ್ರಿಲ್-ಮೇ ಪೂರ್ತಿ ನಿನ್ನ ಕೆಲಸ ನೀನೇ ಮಾಡಿಕೋ. ದಾವಣಗೆರೆ ಬಸ್ ಸ್ಟ್ಯಾಂಡಿಗೆ ಒಬ್ಬಳೇ ಹೋಗಿ, ಕೇಳಿಕೊಂಡು ಹರಿಹರದ ಬಸ್ಸು ಹತ್ತಿ, ಹೋಗಿ ಬಾ. ಮೆಡಿಕಲ್ ಶಾಪಿಗೆ ಹೋಗಿ ನಿನಗೆ ಏನಾಗಿದೆ ಎಂದು ನೀನೇ ಹೇಳು. ಬ್ಯಾಂಕಿನಲ್ಲಿ ಫಾರೆಕ್ಸ್ ಕಾರ್ಡಿಗೆ (ವಿದೇಶದ ಹಣ ತುಂಬಿಸಿಕೊಂಡು ಹೋಗುವ ಕಾರ್ಡು) ಅಪ್ಪ ಸಹಿ ಹಾಕಲಿ, ಮಾತು ನೀನು ಆಡು. ಕನ್ನಡದಲ್ಲಿ ಕೇಳುವ ರೂಢಿಯಾದರೆ ಜರ್ಮನ್‌ನಲ್ಲಿ ವ್ಯಾಕರಣ ತಪ್ಪಾದರೂ ಬಾಯಿ ಬಿಡುತ್ತೀಯ.

ಮೂರು ನಂಬರು ಫೋನಿನಲ್ಲಿ ಹಾಕಿಕೋ, ಒಂದು ಚೀಟಿಯಲ್ಲೂ ಬರೆದಿಡು: ತುರ್ತಿಗೆ 112, ಪೊಲೀಸರಿಗೆ 110, ಅವಸರವಿಲ್ಲದ ಕಾಯಿಲೆಗೆ ಡಾಕ್ಟರ್ ಬೇಕಾದರೆ 116117.

ಅಪ್ಪನಿಗೆ ಹೇಳು: ಅಲ್ಲಿನ ಸಮಯ ನಮಗಿಂತ ಮೂರೂವರೆ ತಾಸು ಹಿಂದೆ. ನಿನ್ನ ಮಧ್ಯಾಹ್ನ ಒಂದು ಗಂಟೆಗೆ ದಾವಣಗೆರೆಯಲ್ಲಿ ನಾಲ್ಕೂವರೆ. ದಿನಾ ಊಟದ ಬಿಡುವಿನಲ್ಲಿ ಒಂದು ಫೋನ್ ಸಾಕು. ಎರಡು ತಾಸಿಗೊಮ್ಮೆ ಮಾಡುತ್ತಾ ಕೂತರೆ ಜರ್ಮನ್ ಆಡುವುದು ಯಾವಾಗ?

ಪ್ರಶ್ನೆ: ಮೇಡಂ, ನನ್ನ ಮಗನೂ ಇಂಥದ್ದೇ ಕೋರ್ಸಿಗೆ ಹೊರಟಿದ್ದಾನೆ. ಎರಡನೇ ದಿನವೇ ಅಳುತ್ತಾ ಫೋನ್ ಮಾಡಿದರೆ ವಾಪಸ್ ಕರೆಸಿಕೊಳ್ಳುವುದೋ ಬೇಡವೋ?
– ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ಅಳು ಬಂದರೆ ಅಳಲಿ, ಕೇಳಿಸಿಕೊಳ್ಳಿ. ‘ನಾನು ಹೇಳಿರಲಿಲ್ವಾ’ ಅನ್ನಬೇಡಿ, ನೀವೂ ಜೊತೆಗೆ ಅಳಬೇಡಿ. ಏನು ತಿಂದೆ, ರೂಮಿನಲ್ಲಿ ಯಾರಿದ್ದಾರೆ, ನಾಳೆ ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ ಅಂತ ಕೇಳಿ. ಸಾಮಾನ್ಯವಾಗಿ ಮೊದಲ ವಾರ ಕಳೆಯುವಷ್ಟರಲ್ಲಿ ನಿಮ್ಮ ಫೋನ್ ತೆಗೆಯಲೂ ಅವರಿಗೆ ಪುರುಸೊತ್ತು ಇರುವುದಿಲ್ಲ. ಆದರೆ ಯಾರೋ ಹೊಡೆದರು, ಮೈ ಮುಟ್ಟಿದರು, ದಿನಾ ಹಂಗಿಸುತ್ತಾರೆ ಎಂದರೆ ಅದು ಬೇರೆ ಮಾತು. ಅವನು ಹೇಳಿದ್ದನ್ನು ಆಗಲೇ ನಂಬಿ. ಬೆಳಗಾಗಲಿ ಎಂದು ಕಾಯದೆ ಕೋರ್ಸಿನ ಕಚೇರಿಗೆ ನೀವೇ ಫೋನ್ ಮಾಡಿ, ಅದನ್ನೇ ಮೇಲ್‌ನಲ್ಲೂ ಬರೆದು ಕಳಿಸಿ. ಕಚೇರಿಯ ರಾತ್ರಿ ನಂಬರನ್ನು ಅವನು ಹೊರಡುವ ಮೊದಲೇ ಕೇಳಿ ತಗೊಂಡಿರಿ.