ಫ್ಲ್ಯಾಂಜ್ ಬಳಿಯೇ ಬಿರುಕು ಯಾಕೆ?

ಪ್ರಶ್ನೆ: 350 ಸಿಸಿ ಬೈಕಿಗೆ 1.2 ಮಿ.ಮೀ. ದಪ್ಪದ 304 ದರ್ಜೆಯ ಸ್ಟೇನ್‌ಲೆಸ್ ಪೈಪಿನಲ್ಲಿ ಸೈಲೆನ್ಸರ್ ಮಾಡಿಸಿದೆ. ಎರಡೇ ತಿಂಗಳಿಗೆ ಹೆಡ್ ಫ್ಲ್ಯಾಂಜ್ (ಪೈಪನ್ನು ಎಂಜಿನ್ ಹೆಡ್ಡಿಗೆ ಬಿಗಿಸುವ ಪಟ್ಟಿ) ವೆಲ್ಡಿಂಗ್ ಬಿರುಕು ಬಿಟ್ಟಿದೆ. ಮತ್ತೆ ವೆಲ್ಡ್ ಹಾಕಿಸಲೇ?
– ಓದುಗರು, ಉದ್ಯಮಬಾಗ, ಬೆಳಗಾವಿ

ಉತ್ತರ: ಬಿರುಕಿನ ಮೇಲೇ ಹಾಕಿಸಬೇಡಿ, ಅಲ್ಲೇ ಮತ್ತೆ ಒಡೆಯುತ್ತದೆ. ಪೈಪಿನೊಳಗೆ ಕಪ್ಪಗೆ, ಸಕ್ಕರೆ ಹರಳಿನಂತೆ ತರಿತರಿಯಾಗಿದ್ದರೆ ಟಿಗ್ ವೆಲ್ಡಿಂಗ್ ವೇಳೆ ಒಳಗಡೆ ಗಾಳಿ ತಾಗದಂತೆ ಆರ್ಗಾನ್ ಅನಿಲ ಬಿಟ್ಟಿಲ್ಲವೆಂದೇ ಅರ್ಥ. ಅಷ್ಟು ಭಾಗ ಕತ್ತರಿಸಿ ಹೊಸ ತುಂಡು ಸೇರಿಸಿ. ಫ್ಲ್ಯಾಂಜ್ ಮೈಲ್ಡ್ ಸ್ಟೀಲಿನದಾದರೆ 309ಎಲ್ ಫಿಲ್ಲರ್ ರಾಡ್ (ಕರಗಿಸಿ ತುಂಬುವ ಕಡ್ಡಿ), 304ರದಾದರೆ 308ಎಲ್.

ಆದರೆ ನಮಗೆ ಹೆಚ್ಚು ಅನುಮಾನ ಬಿಗಿತದ ಮೇಲೆ. ಮೀಟರ್ ಉದ್ದದ 304 ಪೈಪ್ 400 ಡಿಗ್ರಿ ಕಾವೇರಿದರೆ ಸುಮಾರು 7 ಮಿ.ಮೀ. ಹಿಗ್ಗುತ್ತದೆ, ಜಾಗ ಸಿಗದಿದ್ದರೆ ಎಳೆತವೆಲ್ಲ ಫ್ಲ್ಯಾಂಜಿಗೇ. ನಡುವೆ ಸ್ಪ್ರಿಂಗ್ ಹಾಕಿದ ಸ್ಲಿಪ್ ಜಾಯಿಂಟ್ (ಒಂದರೊಳಗೊಂದು ಜಾರುವ ಜೋಡಣೆ), ಮಫ್ಲರಿಗೆ ರಬ್ಬರ್ ಬುಷ್ ಕೊಡಿಸಿ. ಬೋಲ್ಟುಗಳನ್ನು ಹೆಡ್ ಕಡೆಯಿಂದ ಬಿಗಿಸುತ್ತ ಬನ್ನಿ. ಬಿಎಸ್6 ಗಾಡಿಯಾದರೆ ಹೊಗೆಯ ಮಾಲಿನ್ಯ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಮಾತ್ರ ತೆಗೆಸಬೇಡಿ.